ಪ್ರಶ್ನೆ ಕೇಳದ ಡಾಕ್ಟರು

ಡಾಕ್ಟರು ಆರಡಿ ಎತ್ತರದ ಆಳು. ಹಾರನಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕೂರುವಾಗ ಎರಡೂ ಮೊಣಕಾಲು ಲಟಲಟ ಎನ್ನುತ್ತಿದ್ದವು. ಕುರ್ಚಿ ತಂದುಕೊಟ್ಟರೆ ಕೈಯಲ್ಲೇ ಬೇಡವೆನ್ನುತ್ತಿದ್ದರು.

ಸೈನ್ಯದಲ್ಲಿ ಮನೋವೈದ್ಯರಾಗಿದ್ದವರು. ಯುದ್ಧದಲ್ಲಿ ಸೆರೆಸಿಕ್ಕಿ ಬಿಡುಗಡೆಯಾಗಿ ಬಂದವರ ಮನಸ್ಸು ಏನಾಗಿರುತ್ತದೆ ಎಂದು ತಿಳಿಯುವುದರಲ್ಲೇ ಅವರ ಸರ್ವೀಸು ಕಳೆದಿತ್ತು. ನನ್ನ ಅಪ್ಪನೂ ಹಾಗೆ ಸೆರೆಯಿಂದ ಬಂದ ಸಿಪಾಯಿ. ಮನೆಯವರ ಮುಖ ನೋಡುವ ಮೊದಲೇ ಇದೇ ಡಾಕ್ಟರು ಅವನನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ, ಪಟ್ಟಿ ಹಿಡಿದು ಪ್ರಶ್ನೆ ಕೇಳಿ, ‘ಏನೋ ಮುಚ್ಚಿಡುತ್ತಿದ್ದಾನೆ’ ಎಂದು ಬರೆದಿದ್ದರು. ಆ ಒಂದು ಸಾಲಿಗೆ ಅಪ್ಪನ ಕೆಲಸ ಹೋಯಿತು. ಊರಲ್ಲಿ “ಶತ್ರುಗಳ ತಾವ ಬಾಯ್ಬಿಟ್ಟು ಬಂದವ್ನೆ” ಎಂಬ ಮಾತು ಹುಟ್ಟಿತು. “ಏನಾಯ್ತು ಅಂತ ನಂಗಾದ್ರೂ ಹೇಳಿ” ಎಂದು ಅವ್ವ ಅಂಗಲಾಚಿ ಅಂಗಲಾಚಿಯೇ ಸತ್ತಳು. ಅಪ್ಪ ತುಟಿ ಬಿಚ್ಚಲಿಲ್ಲ.

ನಿವೃತ್ತರಾಗಿ ಅರಸೀಕೆರೆಯಲ್ಲಿ ನೆಲೆಸಿದ್ದ ಡಾಕ್ಟರು ಎಷ್ಟೋ ವರ್ಷಗಳ ಮೇಲೆ ವಿಳಾಸ ಹುಡುಕಿಕೊಂಡು ಬಂದು, ತಾವು ಯಾರೆಂದು ಹೇಳಿದಾಗ ನಾನು ಕುಡಿಯಲು ನೀರೂ ಕೊಡಲಿಲ್ಲ. “ಯಾವ ಮುಖ ಇಟ್ಕೊಂಡು ಬಂದ್ರಿ?” ಎಂದೆ.

“ತಪ್ಪು ಒಪ್ಕೊಳ್ಳೋಕೆ ಬಂದೆ ಕಣಮ್ಮ. ಆವತ್ತು ನಾನು ಕುರ್ಚಿ ಮೇಲೆ ಕೂತು ನಿಮ್ಮ ತಂದೇನ ನಿಲ್ಲಿಸಿದ್ದೆ. ಸೆರೇಲಿದ್ದೋರು ಪ್ರಶ್ನೆ ಕೇಳಿಸ್ಕೊಂಡೇ ನೊಂದಿರ್ತಾರೆ ಅನ್ನೋದು ನಂಗೆ ತಿಳಿಯೋ ಹೊತ್ತಿಗೆ ತಲೆ ನರೆತಿತ್ತು.”

ಆಮೇಲೆ ಮೂರು ವರ್ಷ, ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದರು. ಅಪ್ಪನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ, ‘ಊಟ ಆಯ್ತಾ’ ಎಂದೂ ಇಲ್ಲ. ನಮ್ಮ ಕಡೆ ಅಷ್ಟೂ ಕೇಳದವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. “ನಾನು ಉಂಡು ಬಂದೆ” ಎಂದು ತಮ್ಮ ಸುದ್ದಿ ಹೇಳಿ, ಅಪ್ಪನ ಪಕ್ಕ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದರು. ಅವರು ಕಟ್ಟಿದ ಪೊರಕೆ ಎರಡೇ ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. “ಇದ್ಯಾವ ಡಾಕ್ಟರಿಕೆ?” ಎಂದು ನಾನು ರೇಗುತ್ತಿದ್ದೆ, ಅವರು ನಗುತ್ತಿದ್ದರು.

ಹೋದ ವರ್ಷ ಒಂದು ಭಾನುವಾರ ಅಪ್ಪ ಕೈಯಲ್ಲಿದ್ದ ಗರಿ ಕೆಳಗಿಟ್ಟು, ತಾನಾಗಿಯೇ ಬಾಯಿ ತೆರೆದ.

“ನೀವು ಬರ್ದಿದ್ದು ಸರಿ ಸಾರ್. ಮುಚ್ಚಿಟ್ಟಿದ್ದೆ. ಜೊತೇಲಿದ್ದೋನು ಜ್ವರ ಬಂದು ಮಲಗಿದ್ದ. ಅವನ ಪಾಲಿನ ರೊಟ್ಟಿ ನಾನು ತಿಂದೆ. ನಾಲ್ಕು ದಿನ ತಿಂದೆ. ಐದನೇ ದಿನ ಹೋಗ್ಬಿಟ್ಟ.”

ಡಾಕ್ಟರು ಆ ಗರಿಯನ್ನು ತಮ್ಮ ಕೈಗೆ ಎತ್ತಿಕೊಂಡರು. ಆಮೇಲೆ, “ನಾನಾಗಿದ್ರೂ ತಿಂತಿದ್ದೆ” ಎಂದರು.

ಅಪ್ಪ ಬಿಕ್ಕಿ ಬಿಕ್ಕಿ ಅತ್ತ. ಬಾಗಿಲಲ್ಲಿ ನಿಂತಿದ್ದ ನನಗೂ ತಡೆಯಲಾಗಲಿಲ್ಲ.

ಮುಂದಿನ ತಿಂಗಳೇ ಡಾಕ್ಟರು ತೀರಿಕೊಂಡರು. ಅರಸೀಕೆರೆಗೆ ಹೋಗಿ ಮಣ್ಣು ಹಾಕಿ ಬಂದೆವು. ಅಪ್ಪ ಈಗ ನನ್ನ ಜೊತೆ ಮಾತಾಡುತ್ತಾನೆ, ಸತ್ತ ಆ ಗೆಳೆಯನ ಹೆಸರನ್ನೂ ಹೇಳುತ್ತಾನೆ. ಅದು ಡಾಕ್ಟರ ಋಣ, ನನ್ನಿಂದ ತೀರಿಸಲಾಗದು. ಆದರೂ ಸಿಟ್ಟು ಹೋಗಿಲ್ಲ. ಅವ್ವ ಇದ್ದಾಗಲೇ ಅವರು ಆ ಬಸ್ಸು ಹತ್ತಿದ್ದರೆ, ಅವಳೂ ಕೇಳಿಸಿಕೊಂಡು ಹೋಗುತ್ತಿದ್ದಳು.