ನಿಮ್ಮಿಷ್ಟ

ಮಳವಳ್ಳಿಯ ನನ್ನ ತವರಿನಲ್ಲಿ ‘ಬೇಡ’ ಅಂದರೆ ಬೇಡ, ಅಷ್ಟೇ. ಅಪ್ಪ ಮೇಷ್ಟರು. ಬೇಡ ಅಂದವರ ತಟ್ಟೆಗೆ ಮತ್ತೆ ಬಡಿಸುವುದನ್ನು ಅವರು ದಬ್ಬಾಳಿಕೆ ಎನ್ನುತ್ತಿದ್ದರು. ‘ನಿಮ್ಮಿಷ್ಟ’ ಅಂದುಬಿಟ್ಟರೆ ಎದುರಿನವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಆ ಮರ್ಯಾದೆಯನ್ನು ಸೀರೆ, ಪಾತ್ರೆಗಳ ಜೊತೆಗೇ ಕಟ್ಟಿಕೊಂಡು ನಾನು ಮದ್ದೂರು ತಾಲ್ಲೂಕಿನ ಕೊಪ್ಪದ ಬೇಸಾಯದ ಮನೆಗೆ ಸೊಸೆಯಾದೆ.

ನಾವು ಗಂಡ ಹೆಂಡತಿ ಇರುವುದು ಮಂಡ್ಯದ ಗುತ್ತಲಿನಲ್ಲಿ. ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಇಲ್ಲಿಗೇ ಕರೆತಂದೆವು. ಒಂದು ತಿಂಗಳು ಒಲೆಯ ಹೊಗೆ, ಕೊಟ್ಟಿಗೆಯ ಧೂಳು ತಾಕಬಾರದು, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ನಾನೂ ಭಾರಿ ಉತ್ಸಾಹದಲ್ಲೇ ಇದ್ದೆ.

“ಇನ್ನೊಂದು ಮುದ್ದೆ ಹಾಕಲಾ ಅತ್ತೆ?”

“ಬ್ಯಾಡ ಬುಡು.”

ನಾನು ಬಿಟ್ಟೆ. ಕಾಫಿ ಕೊಡಲಾ ಅಂದರೂ “ಬ್ಯಾಡ ಬುಡು”, ಹೊದೆಯಲು ಇನ್ನೊಂದು ಕಂಬಳಿ ಕೊಡಲಾ ಅಂದರೂ “ಬ್ಯಾಡ ಬುಡು.” ಎಲ್ಲವನ್ನೂ ಬಿಟ್ಟೆ. ಅತ್ತೆಯ ದನಿಯೋ, ಗದ್ದೆಯ ಆಚೆ ಬದುವಿನಲ್ಲಿ ನಿಂತವರನ್ನು ಕೂಗಿದ ಹಾಗೆ. ನನ್ನ ಅಡುಗೆ, ನನ್ನ ಮನೆ, ಕೊನೆಗೆ ನಾನೇ ಇವರಿಗೆ ಆಗಿಬರುತ್ತಿಲ್ಲ ಅಂದುಕೊಂಡು ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಗಂಡನಿಗೆ ಹೇಳಿದರೆ, “ನಮ್ಮವ್ವ ಇರೋದೇ ಹಂಗೆ ಕಣೆ” ಎಂದು ಪೇಪರಿನ ಹಿಂದೆ ಅಡಗಿಕೊಂಡರು. ಈ ಗಂಡಸರಿಂದ ಆಗುವ ಉಪಕಾರ ಇಷ್ಟೇ.

ವಾರ ಕಳೆಯುವಷ್ಟರಲ್ಲಿ ಅತ್ತೆ ಬ್ಯಾಗು ಕಟ್ಟಿ ನಡುಮನೆಗೆ ಬಂದರು.

“ನಾನ್ ಊರ್ಗೆ ಓಯ್ತೀನಿ ಕಣಮ್ಮ. ಎಮ್ಮೆ ನೋಡ್ಕಬೇಕು.”

ಕಣ್ಣು ಇನ್ನೂ ಕೆಂಪಗಿತ್ತು. ಹೋಗಬೇಡಿ ಎಂದು ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ದೊಡ್ಡವರು ನಿರ್ಧಾರ ಮಾಡಿದ ಮೇಲೆ ಅಡ್ಡ ಬರುವುದು ಹೇಗೆ? “ನಿಮ್ಮಿಷ್ಟ ಅತ್ತೆ” ಅಂದೆ. ಅವರ ಮುಖ ಸಪ್ಪಗಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸು ಹತ್ತಿಸಿ, ಬಾಳೆಹಣ್ಣು ತರಲು ಹೋದೆ. ತಂದು ಕಿಟಕಿಯ ಹತ್ತಿರ ಬಂದಾಗ ಅತ್ತೆ ಪಕ್ಕದ ಸೀಟಿನ ಹೆಂಗಸಿಗೆ ಹೇಳುತ್ತಿದ್ದರು. ಅವರಿಗೆ ಅದು ಗುಟ್ಟು, ಇಡೀ ಬಸ್ಸಿಗೆ ಕೇಳುತ್ತಿತ್ತು.

“ಸೊಸೆ ಒಳ್ಳೇಳೇ ಕಣವ್ವ, ಒಂದ್ ಕೆಟ್ ಮಾತಿಲ್ಲ. ಆದ್ರೆ ನಾನಿರೋದು ಅವಳ್ಗೆ ಬ್ಯಾಡ. ಒಂದ್ ಸಲ ಬ್ಯಾಡ ಅಂದ್ರೆ ಮುದ್ದೆ ಪಾತ್ರೆ ಎತ್ಕೊಂಡ್ ಓಯ್ತಾಳೆ. ಅರೆಒಟ್ಟೇಲೇ ಮಲೀಕತಿದ್ದೆ. ಊರ್ಗೋಯ್ತೀನಿ ಅಂದ್ರೆ ನಿಮ್ಮಿಷ್ಟ ಅಂದ್ಬುಟ್ಲು. ಇರತ್ತೆ ಅಂತ ಒಂದ್ ಮಾತ್ ಅಂದಿದ್ರೆ ಇರ್ತಿದ್ದೆ.”

ಆಗ ಹೊಳೆಯಿತು. ಕೊಪ್ಪದಲ್ಲಿ ಮೊದಲ ‘ಬ್ಯಾಡ’ ಬರೀ ಮರ್ಯಾದೆಯ ಮಾತು. ಬಡಿಸುವವರು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಇನ್ನು ‘ನಿಮ್ಮಿಷ್ಟ’ ಅಂದರೆ, ಹೊರಡಿ ಅಂತ ಬಾಗಿಲು ತೋರಿಸಿದ ಹಾಗೆ. ಇಬ್ಬರೂ ಮರ್ಯಾದೆ ಮಾಡಿ ಮಾಡಿಯೇ ಒಬ್ಬರನ್ನೊಬ್ಬರು ನೋಯಿಸಿದ್ದೆವು.

ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ. ನಾನು ಒಳಗೆ ನುಗ್ಗಿ ಬ್ಯಾಗಿಗೆ ಕೈ ಹಾಕಿದೆ. ನನ್ನ ಗಂಟಲಿನಲ್ಲಿ ಅಂಥ ದನಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

“ಇಳಿ ಅತ್ತೆ ಕೆಳಗೆ! ಕಣ್ಣು ವಾಸಿಯಾಗೋ ತನಕ ಎಲ್ಲಿಗೂ ಕಳಿಸಲ್ಲ. ಸುಮ್ನೆ ಬಾ!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಹಿರಿಯರಿಗೆ ನಾನು ಏಕವಚನ ಬಳಸಿದ್ದು ಅದೇ ಮೊದಲು. ಅಪ್ಪ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅತ್ತೆ ಮಾತ್ರ ಕಣ್ಣೊರೆಸಿಕೊಂಡು, “ಬ್ಯಾಡ ಬುಡು” ಎನ್ನುತ್ತಲೇ ನನಗಿಂತ ಮುಂಚೆ ಬಸ್ಸಿಳಿದರು. ಬ್ಯಾಗು ಹೊತ್ತವಳು ನಾನು.

ಸಂಜೆ ಅತ್ತೆ ತಾವೇ ಕಾಫಿ ಮಾಡಿ ಲೋಟ ಹಿಡಿದು ಬಂದರು. ಒಲೆಯ ಹತ್ತಿರ ಹೋಗಿದ್ದಕ್ಕೆ ಗದರಿ, “ನನಗೆ ಬೇಡ” ಅಂದೆ. ಅವರು ಲೋಟ ಕೆಳಗಿಡದೆ ನನ್ನ ಮುಖವನ್ನೇ ನೋಡಿದರು.

“ಇದು ನಿಮ್ಮಪ್ಪನ್ ಮನೆ ಬ್ಯಾಡನೋ, ನಮ್ಮನೆ ಬ್ಯಾಡನೋ?”

“ನಮ್ಮನೇದು ಕಣತ್ತೆ” ಎಂದು ಲೋಟಕ್ಕೆ ಕೈ ಚಾಚಿದೆ.