ನಾನು ಆರಿಸಿದ ಧ್ವನಿ

ಕಳೆದ ತಿಂಗಳು ಬಾಡಿಗೆ ಮನೆ ಬದಲಿಸಲು ಬೀರು ಖಾಲಿ ಮಾಡುತ್ತಿದ್ದಾಗ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಒಂದು ಪೆಟ್ಟಿಗೆ ಕೈಗೆ ಸಿಕ್ಕಿತು. ಊಟದ ಡಬ್ಬಿಯಷ್ಟು ದೊಡ್ಡದು, ಬೂದು ಬಣ್ಣ. ಮುಂದೆ ಸಣ್ಣ ತೂತುಗಳ ಸ್ಪೀಕರ್. ಅದರ ಕೆಳಗೆ ಮೂರು ಗುಂಡಿಗಳು. ಒಂದರ ಮೇಲೆ ಸ್ಟಿಕ್ಕರ್ ಬೊಟ್ಟು. ಬೊಟ್ಟಿನ ಕೆಂಪು ಮಾಸಿತ್ತು, ಅಂಟು ಬಿಟ್ಟಿರಲಿಲ್ಲ. ಅದನ್ನು ಅಂಟಿಸಿದವರಿಗೆ ಬಣ್ಣ ಬೇಕಿರಲಿಲ್ಲ, ಬೆರಳಿಗೆ ಸಿಗುವ ಉಬ್ಬು ಸಾಕಿತ್ತು...

ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಬೀದಿಯವರು ಅವರನ್ನು ಆಪರೇಟರಮ್ಮ ಎನ್ನುತ್ತಿದ್ದರು, ನಾನು ಆಂಟಿ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇಪ್ಪತ್ತನೆಯ ವಯಸ್ಸಿನಿಂದ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹೊರಗಿನಿಂದ ಯಾರು ಫೋನು ಮಾಡಿದರೂ ಮೊದಲ ಮಾತಿಗೇ ಧ್ವನಿ ಗುರುತಿಸಿ, ಬೇಕಾದವರಿಗೆ ಕೊಡುತ್ತಿದ್ದರಂತೆ. ಯಾರ ನಂಬರನ್ನೂ ಎಲ್ಲಿಯೂ ಬರೆದುಕೊಂಡವರಲ್ಲ.

ಅವರಿಗೆ ಬಂದ ಕಾಗದಗಳನ್ನು ಭಾನುವಾರ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ನಾನಾಗ ಡಿಗ್ರಿ ಓದುತ್ತಿದ್ದೆ. "ನೀನು ಕಾಗದದಲ್ಲಿ ಇರೋದನ್ನ ಮಾತ್ರ ಓದ್ತೀಯ ಕಣಮ್ಮ. ಬೇರೆಯವ್ರು ಓದ್ತಾ ಓದ್ತಾ ನಂಗೆ ಬುದ್ಧೀನೂ ಹೇಳ್ಬುಡ್ತಾರೆ" ಎಂದು ಒಮ್ಮೆ ಹೇಳಿದ್ದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಹಾಗೆ ಓದಿದ ಕಾಗದಗಳಲ್ಲೊಂದು ಕಾರ್ಖಾನೆಯದು. ಕರೆ ಜೋಡಿಸುವ ಹಳೆಯ ಬೋರ್ಡು ತೆಗೆದು ಕಂಪ್ಯೂಟರ್ ಇಡುತ್ತಾರೆ. ಶಿಫ್ಟಿನ ಜೊತೆಗೆ ಜನರೂ ನಂಬರುಗಳೂ ಬದಲಾಗುವುದರಿಂದ, ಇನ್ನು ಪ್ರತಿ ಕರೆಗೂ ಅದರ ಪಟ್ಟಿಯಲ್ಲಿ ಹೆಸರು ಹುಡುಕಿ ಜೋಡಿಸಬೇಕು. ಮೂರು ತಿಂಗಳು ನೋಡುತ್ತಾರೆ. ಆಗದಿದ್ದರೆ ಸ್ವಯಂ ನಿವೃತ್ತಿ. ಪರದೆಯ ಮೇಲಿನ ಅಕ್ಷರ ಓದುವ ತಂತ್ರಾಂಶವನ್ನು ಕಾರ್ಖಾನೆಯೇ ಹಾಕಿಸಿತ್ತು. ಆದರೆ ಆ ಕಾಲದ ಕಂಪ್ಯೂಟರಿಗೆ ತಾನೇ ಮಾತಾಡುವಷ್ಟು ಶಕ್ತಿ ಇರಲಿಲ್ಲ. ಅದಕ್ಕೆ ಬಾಯಿಯಂತೆ ಹೊರಗಿನಿಂದ ಒಂದು ಪೆಟ್ಟಿಗೆ ಜೋಡಿಸಬೇಕಿತ್ತು. ಆಂಟಿ ತಮಗೆ ಬೇಕಾದದ್ದನ್ನು ಆರಿಸಿ ಅರ್ಜಿ ಕೊಟ್ಟರೆ ತರಿಸುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರು.

ಬನ್ನಿಮಂಟಪದ ಕಡೆಯ ಒಂದು ಅಂಗಡಿಯಲ್ಲಿ ಅಂಥ ಪೆಟ್ಟಿಗೆಗಳು ಎರಡಿದ್ದವು. ಒಂದು ಶನಿವಾರ ಇಬ್ಬರೂ ಹೋದೆವು. ಮೊದಲನೆಯದರ ಧ್ವನಿ ತಗಡಿನ ಡಬ್ಬದೊಳಗಿಂದ ಬಂದಂತಿತ್ತು. ಆಂಟಿ ಅದರ ವೇಗ ಏರಿಸುತ್ತಲೇ ಹೋದರು. ಕೊನೆಗೆ ನನಗೆ ಬರೀ ಗುಂಯ್ ಎಂದು ಕೇಳಿಸಿತು. ಅವರು ತಿಳಿಯಿತೆಂಬಂತೆ ತಲೆ ಆಡಿಸುತ್ತಿದ್ದರು. ಅದು ಅರ್ಧ ಪದದಲ್ಲಿರುವಾಗಲೇ ನಿಲ್ಲಿಸುವ ಗುಂಡಿ ಒತ್ತುವುದು, ಮತ್ತೆ ಓದಿಸುವುದು, ಮತ್ತೆ ಒತ್ತುವುದು. ಹೀಗೇ ಬಹಳ ಹೊತ್ತು ನಡೆಯಿತು.

"ಏನು ನೋಡ್ತಿದ್ದೀರಾ ಆಂಟಿ?"

"ಎಷ್ಟು ಬೇಗ ಬಾಯಿ ಮುಚ್ಚುತ್ತೆ ಅಂತ. ಆ ಕಡೆ ಜನ ಫೋನು ಹಿಡ್ಕೊಂಡು ನಿಂತಿರ್ತಾರೆ. ಸಾಕು ಅಂದ್ರೆ ಥಟ್ಟಂತ ನಿಲ್ಲಿಸ್ಬೇಕು ಕಣಮ್ಮ."

ಎರಡನೆಯದು ಹೆಣ್ಣು ಧ್ವನಿ, ತುಂಬ ಇಂಪಾಗಿತ್ತು. "ಇದು ತಗೊಳ್ಳಿ ಮೇಡಂ, ವಾರ್ತೆ ಓದೋರ ಥರ ಇದೆ" ಎಂದ ಅಂಗಡಿಯವನು. ಆಂಟಿ ಎರಡು ಸಲ ನಿಲ್ಲಿಸುವ ಗುಂಡಿ ಒತ್ತಿ ಕೈ ತೆಗೆದುಬಿಟ್ಟರು. "ನಾನೇನು ಇದನ್ನ ಸೊಸೆ ಮಾಡ್ಕೊಳಕ್ಕೆ ಬಂದಿದೀನಾ? ಕೆಲಸಕ್ಕೆ ಕಣ್ರೀ. ಅರ್ಜೀಲಿ ಮೊದಲನೇದೇ ಬರಿಯಮ್ಮ."

ಅರ್ಜಿ ತುಂಬಿದವಳು ನಾನು. ಮೊದಲನೆಯದನ್ನೇ ಬರೆದೆ. ಸೋಮವಾರ ಅದನ್ನು ಹಿಡಿದು ಕಾರ್ಖಾನೆಗೆ ಹೋದೆ. ಆಂಟಿ ಬೋರ್ಡಿನ ಮುಂದೆ ಕೂತಿದ್ದರು, ಎದ್ದು ಬರುವಂತಿರಲಿಲ್ಲ. ಅಧಿಕಾರಿ ಅರ್ಜಿ ನೋಡಿ, "ನೀವು ಎರಡೂ ಕೇಳಿದ್ದೀರಲ್ಲ, ಯಾವುದು ಸ್ಪಷ್ಟವಾಗಿದೆ?" ಎಂದರು. ಎರಡನೆಯದು ಎಂದೆ. ಮೊದಲನೆಯದರಲ್ಲಿ ನನಗೆ ಒಂದಕ್ಷರವೂ ತಿಳಿಯಲಿಲ್ಲ ಎಂದೂ ಹೇಳಿದೆ. ಎರಡೂ ನಿಜ. ಅವರು ಪೆನ್ನು ತೆಗೆದು ನಾನು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡನೆಯದನ್ನು ಬರೆದರು. ನಾನು ನೋಡುತ್ತ ನಿಂತಿದ್ದೆ. ಆಂಟಿಗೆ ಒಳ್ಳೆಯದೇ ಆಯಿತು ಎಂದುಕೊಂಡೆ... ಸಂಜೆ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತು ಬಂದರೂ ಆ ವಿಷಯ ಎತ್ತಲಿಲ್ಲ.

ಪೆಟ್ಟಿಗೆ ಬಂದ ದಿನ ಅದು ಬಾಯಿ ಬಿಟ್ಟ ತಕ್ಷಣ ಅವರಿಗೆ ತಿಳಿದಿರಬೇಕು. ಬದಲಿಸಿ ಎಂದು ಕೇಳಿದರಂತೆ. ಒಮ್ಮೆ ತರಿಸಿದ್ದು ತರಿಸಿದ್ದೇ ಎಂದರಂತೆ ಅಧಿಕಾರಿ. ಅವರ ಬೆರಳು ಪಟ್ಟಿಯಲ್ಲಿ ನಾಲ್ಕು ಹೆಸರು ದಾಟಿರುತ್ತಿತ್ತು, ಪೆಟ್ಟಿಗೆ ಇನ್ನೂ ಮೊದಲನೆಯ ಹೆಸರನ್ನು ಇಂಪಾಗಿ ಹೇಳುತ್ತಿರುತ್ತಿತ್ತು. ಅದು ಮುಗಿಸಲಿ ಎಂದು ಕಾದರೆ ಕರೆಗಳು ಕಟ್ಟಾಗುತ್ತಿದ್ದವು, ಕಾಯದಿದ್ದರೆ ತಪ್ಪಾದವರಿಗೆ ಹೋಗುತ್ತಿದ್ದವು. ನಿಲ್ಲಿಸುವ ಗುಂಡಿ ಹುಡುಕುವ ಕ್ಷಣವಾದರೂ ಉಳಿಯಲಿ ಎಂದು ಅದಕ್ಕೆ ಬೊಟ್ಟು ಅಂಟಿಸಿಕೊಂಡರು. ಮೂರು ತಿಂಗಳಾದ ಮೇಲೆ ಬಂದ ನಿವೃತ್ತಿಯ ಕಾಗದವನ್ನೂ ನಾನೇ ಓದಿದೆ, ಅದರಲ್ಲಿ ಇದ್ದದ್ದನ್ನು ಮಾತ್ರ.

ಓದಿ ಮುಗಿಸಿ, "ಆಫೀಸರ್ ನನ್ನ ಕೇಳಿದ್ರು ಆಂಟಿ" ಎಂದೆ.

"ಗೊತ್ತು ಕಣಮ್ಮ" ಎಂದರು. "ನನ್ನ ಕೇಳ್ಲಿಲ್ಲ."

ಆಮೇಲೆ ಅವರು, ಹಾರ್ನ್ ಕೇಳಿಯೇ ಬಸ್ಸು ಯಾವುದೆಂದು ಹೇಳುವ ತಮ್ಮ ಹಳೆಯ ಅಭ್ಯಾಸವನ್ನು ಬಿಟ್ಟರು. ಬೆಳಗಿನ ಶಿಫ್ಟಿನ ಬಸ್ಸು ಬೀದಿಯ ತುದಿಯಲ್ಲಿ ನಿಂತು ಹೋಗುವವರೆಗೂ, ಅದರ ಸದ್ದು ಕಿವಿಗೆ ಬೀಳದಂತೆ ನಲ್ಲಿ ತಿರುಗಿಸಿಟ್ಟಿರುತ್ತಿದ್ದರು. ವರ್ಷದೊಳಗೆ ನಂಜನಗೂಡಿನ ತಂಗಿಯ ಮನೆಗೆ ಹೊರಟರು. ಯಾರಿಗೂ ಬೇಡವೆಂದು ಕಾರ್ಖಾನೆಯವರು ಅವರಿಗೇ ಕೊಟ್ಟಿದ್ದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು, "ನಿಂಗೆ ಇಷ್ಟ ಆಗಿತ್ತಲ್ಲ, ಇಟ್ಕೋ" ಎಂದರು. ಅವರ ಧ್ವನಿಯಲ್ಲಿ ಏನಿತ್ತೆಂದು ಇವತ್ತಿಗೂ ಹೇಳಲಾರೆ... ನಂಜನಗೂಡು ದೂರವೇನಲ್ಲ. ನಾನು ಹೋಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡರೆಂದು ಅಮ್ಮ ಫೋನಿನಲ್ಲಿ ತಿಳಿಸಿದಳು.

ಮೊನ್ನೆ ಪೆಟ್ಟಿಗೆಗೆ ಕರೆಂಟು ಕೊಟ್ಟೆ. ಸ್ವಲ್ಪ ತಡೆದು, ತಾನು ಕೆಲಸಕ್ಕೆ ಸಿದ್ಧಳೆಂದು ಇಂಗ್ಲಿಷಿನಲ್ಲಿ ಹೇಳತೊಡಗಿತು. ಧ್ವನಿ ಈಗಲೂ ಇಂಪಾಗಿಯೇ ಇದೆ. ಎರಡನೆಯ ಪದಕ್ಕೇ ಬೊಟ್ಟಿನ ಮೇಲೆ ಬೆರಳೊತ್ತಿದೆ.

ಅದು ವಾಕ್ಯ ಮುಗಿಸಿಯೇ ನಿಂತಿತು.