ಕುಂಕುಮದ ನೀರಲ್ಲ ಅದು

ನಾನು ಚಿಕ್ಕವನಿದ್ದಾಗ, ಆಯುಧಪೂಜೆಯ ದಿನ ನಮ್ಮ ಚಾಮರಾಜಪುರಂ ಬೀದಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸೈಕಲ್ಲು, ಹೊಲಿಗೆ ಯಂತ್ರ, ಜಟಕಾ ಗಾಡಿ, ಎಲ್ಲಕ್ಕೂ ಪೂಜೆ. ಬೂದುಗುಂಬಳಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ನಡುರಸ್ತೆಯಲ್ಲಿ ಒಡೆಯುತ್ತಿದ್ದರು. ಒಡೆದದ್ದನ್ನು ಬದಿಗೆ ಸರಿಸುವವರು ಮಾತ್ರ ಒಬ್ಬರೂ ಇಲ್ಲ. ಚೆಂಡುಹೂವಿನ ಘಮ, ಕರ್ಪೂರದ ಹೊಗೆ, ಕಾಲಡಿಯಲ್ಲಿ ಕೆಂಪು ಲೋಳೆ. ನೆನೆದರೆ ಇವತ್ತಿಗೂ ನನಗೆ ಮೈಯುರಿಯುತ್ತದೆ.

ಅಕ್ಕನಿಗೆ ಆಗ ಹನ್ನೆರಡು ವರ್ಷ. ಕೆಂಪು ರೇಷ್ಮೆ ಲಂಗ ಉಟ್ಟು, ಪಕ್ಕದ ಮನೆಗೆ ಕೊಡಲು ಉಸಲಿ ತುಂಬಿದ ಗಾಜಿನ ಬಟ್ಟಲು ಹಿಡಿದು ಓಡುತ್ತಿದ್ದಳು. ಸೈಕಲ್ ಶಾಪಿನ ಮುಂದೆ ಕುಂಬಳದ ಹೋಳಿನ ಮೇಲೆ ಜಾರಿ ಬಿದ್ದಳು. ಬಟ್ಟಲು ಚೂರಾಗಿ, ಒಂದು ಚೂರು ಅವಳ ಮೀನಖಂಡವನ್ನು ಸೀಳಿಬಿಟ್ಟಿತು.

ಅಂಗಡಿಯವನು ನಕ್ಕ. "ಏಳವ್ವ, ಕಾಯಿ ಜೊತೆಗೆ ನೀನೂ ಒಡೆದೋದ್ಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೆಂಪು ಲಂಗ, ಕೆಂಪು ನೀರು, ಕೆಂಪು ರಸ್ತೆ, ಯಾರಿಗೆ ಗೊತ್ತಾಗಬೇಕು? ಅಕ್ಕ ಏಳಲಿಲ್ಲ. ಅವಳ ಕಾಲ ಬಳಿ ಕೆಂಪು ಹರಡುತ್ತಲೇ ಹೋಯಿತು. ಮುಟ್ಟಿದೆ, ಬೆಚ್ಚಗಿತ್ತು. ಕುಂಕುಮದ ನೀರು ಬೆಚ್ಚಗಿರುತ್ತದೆಯೇ? "ಅಪ್ಪಾ, ರಕ್ತ!" ಎಂದು ಚೀರಿದೆ. ಮನೆ ಬಾಗಿಲಲ್ಲಿದ್ದ ಅಪ್ಪ ಓಡಿ ಬಂದರು.

ಆಮೇಲೆ ಶುರುವಾಯಿತು ನೋಡಿ ದೊಡ್ಡವರ ಪಾಂಡಿತ್ಯ! ಪಕ್ಕದ ಮನೆಯ ಅಜ್ಜಿ ಕಾಫಿಪುಡಿ ತಂದು ಗಾಯಕ್ಕೆ ಮೆತ್ತಿದರು. ಒಬ್ಬರು ಸುಣ್ಣ ಅಂದರು, ಇನ್ನೊಬ್ಬರು ಅರಿಶಿನ. ಅಪ್ಪ ತಮ್ಮ ಹೊಸ ಅಂಗವಸ್ತ್ರವನ್ನು ಒತ್ತಿದರು. ಆದರೆ ಗಳಿಗೆಗೊಮ್ಮೆ "ನಿಂತಿತಾ ನೋಡೋಣ" ಎಂದು ಎತ್ತುವರು. ಎತ್ತಿದಾಗಲೆಲ್ಲ ರಕ್ತ ಬುಳಬುಳನೆ ಉಕ್ಕುವುದು. ಅಕ್ಕನ ತುಟಿ ಬಿಳಿಚಿಕೊಂಡಿತು, ಹಣೆಯಲ್ಲಿ ತಣ್ಣನೆಯ ಬೆವರು.

ಆಗ ನಮ್ಮ ಬೀದಿಯಲ್ಲಿ ಜಟಕಾ ಓಡಿಸುವವರೊಬ್ಬರು ಜನರನ್ನು ತಳ್ಳಿಕೊಂಡು ಬಂದರು. "ಎತ್ಬೇಡಿ ಬುದ್ಧಿ, ಒತ್ತಿ ಹಿಡ್ಕಳಿ!"

"ನೀನೇನು ಡಾಕ್ಟ್ರೇನಯ್ಯಾ?" ಎಂದು ಅಪ್ಪ ಗದರಿದರು.

"ಡಾಕ್ಟ್ರಲ್ಲ. ಕುದುರೆ ಕಾಲು ಎಷ್ಟು ಕಟ್ಟಿವ್ನಿ ಗೊತ್ತಾ? ಬಟ್ಟೆ ನೆಂದ್ರೆ ಅದರ ಮೇಲೇ ಇನ್ನೊಂದು ಇಡಿ. ಆಸ್ಪತ್ರೆ ಬರೋಗಂಟ ಕೈ ಎತ್ತಿದ್ರೆ ಗಾಡಿ ನಿಲ್ಲಿಸ್ಬುಡ್ತೀನಿ, ಅಷ್ಟೇಯ!"

ಯಾರ ಮಾತನ್ನೂ ಕೇಳದ ಅಪ್ಪ ಅಂದು ಕೇಳಿದರು. ಅಕ್ಕನನ್ನು ಜಟಕಾಕ್ಕೆ ಏರಿಸಿ, ಗಾಡಿ ಎಷ್ಟು ಕುಲುಕಿದರೂ ಗಾಯದ ಮೇಲೆ ಎರಡೂ ಅಂಗೈ ಊರಿ ಕುಳಿತರು. ಅಕ್ಕ ಉಳಿದಳು. ಆದರೆ ಗಾಯದಿಂದ ಆ ಕಾಫಿಪುಡಿ ತೊಳೆಯುವಾಗ ಅವಳು ಕಿರುಚಿದ್ದು ನನ್ನ ಕಿವಿಯಿಂದ ಹೋಗಿಲ್ಲ. ಡಾಕ್ಟರು ಅಪ್ಪನಿಗೆ, "ಒತ್ತಿ ಹಿಡಿಸ್ದೋರಿಗೆ ಕೈ ಮುಗೀರಿ, ಪುಡಿ ಹಾಕ್ದೋರಿಗೆ ಬೈಯಿರಿ" ಅಂದರು. ಅಪ್ಪ ಕೈ ಮುಗಿದರು. ಬೈಯುವ ಕೆಲಸ ನಾನು ಇನ್ನೂ ಮಾಡುತ್ತಿದ್ದೇನೆ.

ನಿಮ್ಮ ಕಾಲ ಬೇರೆ, ಮಕ್ಕಳೇ. ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೆ ಅದು ಬರುವವರೆಗೆ ರಕ್ತ ಕಾಯುವುದಿಲ್ಲ. ಮೊನ್ನೆ ಬನ್ನಿಮಂಟಪದ ಹತ್ತಿರ ಸ್ಕೂಟರಿನಿಂದ ಬಿದ್ದವನೊಬ್ಬನ ತೋಳಿನಿಂದ ರಕ್ತ ಸುರಿಯುತ್ತಿತ್ತು. ಸುತ್ತ ಹತ್ತಾರು ಜನ, ಎಲ್ಲರೂ ವಿಡಿಯೊ ತೆಗೆಯುವವರೇ. ನನ್ನ ಟವೆಲ್ಲನ್ನೇ ಒತ್ತಿದೆ. ಮುದಿಕೈಯ ಬಲ ಸಾಲದೆ "ಯಾರಾದ್ರೂ ಬಂದು ಒತ್ರಪ್ಪಾ" ಎಂದು ಕೂಗಿದರೆ, ಒಬ್ಬ "ಸ್ವಲ್ಪ ಪಕ್ಕಕ್ಕೆ ಬನ್ನಿ ತಾತ, ಕಾಣ್ತಿಲ್ಲ" ಅನ್ನಬೇಕೇ! ನಮ್ಮ ಬೀದಿಯವರಿಗೆ ತಿಳಿವಳಿಕೆ ಇರಲಿಲ್ಲ, ನಿಜ. ಕೈಯಾದರೂ ಮುಂದೆ ಬರುತ್ತಿತ್ತು.

ಕೊನೆಗೆ ಬಂದವಳು ಶಾಲೆಯ ಸಮವಸ್ತ್ರದ ಒಬ್ಬ ಹುಡುಗಿ, ನಿಮ್ಮಷ್ಟೇ ವಯಸ್ಸು. ಬ್ಯಾಗು ಕೆಳಗಿಟ್ಟು, ನನ್ನ ಕೈಯ ಮೇಲೆ ತನ್ನೆರಡೂ ಕೈಯಿಟ್ಟು ಒತ್ತಿದಳು. ಅಷ್ಟೂ ಜನರ ವಿಡಿಯೊದಲ್ಲಿ ಆ ಹುಡುಗಿಯ ಬೆನ್ನು ಬಿಟ್ಟು ಬೇರೇನೂ ಕಾಣದೆ ಹೋಗಲಿ ಎಂದುಕೊಂಡೆ.